ಮೂರನೆಯ ಗಡಿಗೆ

ಸೋಮವಾರ ಮುಂಜಾನೆ ಹತ್ತರ ಸುಮಾರಿಗೆ ಬಸಂತರಾಯರು ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಅವರ ಧೋತರದಿಂದ ನಿಂಬೆಹಣ್ಣಿನ ವಾಸನೆಯೂ ಡೀಸೆಲ್ ವಾಸನೆಯೂ ಒಟ್ಟಿಗೇ ಬರುತ್ತಿದ್ದವು. ಇಂಡಿ ತಾಲೂಕಿನಲ್ಲಿ ಯಾರ ಮೈಯಿಂದ ನಿಂಬೆ ವಾಸನೆ ಬಂದರೂ ಯಾರೂ ತಿರುಗಿ ನೋಡುವುದಿಲ್ಲ. ಪಿಎಸ್‌ಐ ಶ್ರೀಶೈಲ ತಲೆ ಎತ್ತಿದ್ದು ಡೀಸೆಲ್ ವಾಸನೆಗೆ.

"ಕೂಡ್ರಿ. ಏನಾತು?"

"ಎಲ್ಲಾ ಹಾಳಾತ್ರಿ ಸಾಹೇಬ್ರ. ಮೂವತ್ತು ಚೀಲ ಹಣ್ಣಿಗೆ ಡೀಸೆಲ್ ಸುರುವ್ಯಾರ."

ಸಾಲೋಟಗಿ ರಸ್ತೆಯ ಬದಿಗೆ ಬಸಂತರಾಯರದೊಂದು ನಿಂಬೆಹಣ್ಣಿನ ಪ್ಯಾಕಿಂಗ್ ಶೆಡ್ ಇತ್ತು. ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಅಲ್ಲಿ ಕೂತು ಕಾಯಿ ಬೇರೆ, ಹಣ್ಣು ಬೇರೆ ಆರಿಸಿ ಚೀಲ ತುಂಬಿ ಹೊಲಿಯುತ್ತಿದ್ದರು. ಶನಿವಾರ ಸಂಜೆ ಕೀಲಿ ಹಾಕಿದ್ದು, ರವಿವಾರ ಸೂಟಿ, ಸೋಮವಾರ ಸೂಪರ್‌ವೈಸರ್ ರೇಣುಕಾ ಬಂದು ಬಾಗಿಲು ತೆಗೆದರೆ ಒಳಗೆ ಈ ಅವಾಂತರ. ಗುರುವಾರ ಪುಣೆಯ ಉಪ್ಪಿನಕಾಯಿ ಕಂಪನಿಯವರು ಕರಾರು ಮಾಡಲು ಬರುವವರಿದ್ದರು.

"ಯಾರ ಮ್ಯಾಲರೆ ಸಂಶಯ ಐತೇನು?"

"ಕೀಲಿಕೈ ಇರೂದು ಎರಡ. ಒಂದು ನನ್ನ ಉಡದಾರದಾಗ, ಇನ್ನೊಂದು ರೇಣುಕಾನ ಕೈಯಾಗ." ಬಸಂತರಾಯರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಇಷ್ಟ ಹೇಳ್ತೇನಿ ಸಾಹೇಬ್ರ. ಅಲ್ಲಿ ಕೂತು ಹಣ್ಣ ಆರಿಸೂ ಹೆಣ್ಣಮಕ್ಕಳ ಕೈ ಇದರಾಗ ಐತಿ ಅಂತ ಗುರುವಾರದೊಳಗ ಗೊತ್ತಾತಂದ್ರ, ಇಲ್ಲಾ ಯಾರಂತ ಗೊತ್ತ ಆಗಲಿಲ್ಲಂದ್ರೂ, ನಾ ಶೆಡ್ಡಿಗೆ ಕೀಲಿ ಜಡಿಯಾಂವ. ಮೂವತ್ತೆಂಟು ಮಂದಿನೂ ಮನೀಗೆ."

ಅತಿಕ್ರಮ ಪ್ರವೇಶ ಮತ್ತು ಆಸ್ತಿ ನಷ್ಟದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಶ್ರೀಶೈಲ ಹೆಡ್ ಕಾನ್‌ಸ್ಟೆಬಲ್ ಪರಸಪ್ಪನನ್ನು ಕರೆದುಕೊಂಡು ಜೀಪು ಹತ್ತಿದ. ಪರಸಪ್ಪ ಮಾತಿನ ಮಲ್ಲ. ಆ ದಿನ ಮಾತ್ರ ಸಾಹೇಬರ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಸಾಹೇಬರ ಮುಖ ಹಾಗೆ ಗಂಟಿಕ್ಕಿಕೊಂಡಿದ್ದಕ್ಕೆ ನಿಂಬೆಹಣ್ಣು ಕಾರಣವಲ್ಲ. ಶ್ರೀಶೈಲನ ಹೆಂಡತಿ ವಿದ್ಯಾವತಿ ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಇವನ ನೌಕರಿ ಇಲ್ಲಿ, ಅವಳ ನೌಕರಿ ಅಲ್ಲಿ, ಸಂಸಾರ ರವಿವಾರದ ಬಸ್ಸಿನಲ್ಲಿ. ನಿನ್ನೆ ಊಟದ ಹೊತ್ತಿಗೆ ಅವಳ ಮೊಬೈಲಿಗೆ ಸ್ಟಾಫ್‌ರೂಮಿನವರ ಏನೋ ಮೆಸೇಜು ಬಂತು. ಓದಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಏನದು?" ಎಂದು ಇವನು ಕೇಳಿದರೆ, "ಸಾಲಿದು ಬಿಡ್ರಿ, ನಿಮಗ ಹೇಳಿದ್ರ ತಿಳಿಯಾಂಗಿಲ್ಲ" ಎಂದಳು. ಅಷ್ಟೇ. ಅಷ್ಟು ಮಾತು ಇವನ ಹೊಟ್ಟೆಯಲ್ಲಿ ರಾತ್ರಿಯಿಡೀ ಕೂತುಬಿಟ್ಟಿತ್ತು. ಹಾಗೆ ನಗಿಸಿದವರು ಯಾರು, ಅವರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಕೇಳಲು ನಾಲಗೆ ಏಳಲಿಲ್ಲ. ಪೊಲೀಸ್ ಕೆಲಸದಲ್ಲಿ ಯಾರನ್ನು ಬೇಕಾದರೂ ಏನನ್ನು ಬೇಕಾದರೂ ಕೇಳುವವನು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದ್ದ.

ಶೆಡ್ಡಿನ ಮುಂದೆ ಹೆಣ್ಣುಮಕ್ಕಳೆಲ್ಲ ಬೇವಿನ ಗಿಡದ ಕೆಳಗೆ ಕೂತಿದ್ದರು. ಬುತ್ತಿಯ ಗಂಟು ಯಾರೂ ಬಿಚ್ಚಿರಲಿಲ್ಲ. ಎದುರಿನ ಚಹಾದಂಗಡಿಯ ಸಿಕಂದರನನ್ನೂ ಪಕ್ಕದ ಹೊಲದ ಯುವರಾಜನನ್ನೂ ಪಂಚರನ್ನಾಗಿ ಕರೆಸಿ ಶ್ರೀಶೈಲ ಪಂಚನಾಮೆ ಶುರು ಮಾಡಿದ.

ಮುಂಬಾಗಿಲಿನ ಕೀಲಿ ಸುರಕ್ಷಿತವಾಗಿತ್ತು. ಹಿಂದಿನ ತಗಡಿನ ಬಾಗಿಲನ್ನು ಯಾರೋ ಕೆಳಗಿನಿಂದ ಎತ್ತಿ ಬಿಜಾಗರಿಯಿಂದ ಕಳಚಿ, ಮತ್ತೆ ಒರಗಿಸಿಟ್ಟು ಹೋಗಿದ್ದರು. ಪರಸಪ್ಪ ಮತ್ತು ಯುವರಾಜ ಇಬ್ಬರೂ ಸೇರಿ ಎತ್ತಿದರೂ ಅದು ಮಿಸುಕಿದ್ದು ಕಷ್ಟಪಟ್ಟು.

"ರೇಣುಕಾಬಾಯಿ ಎತ್ತೂ ಬಾಗಲಾ ಅಲ್ಲ ಇದು" ಎಂದ ಪರಸಪ್ಪ, ಸೊಂಟ ಹಿಡಿದುಕೊಂಡು.

"ಕೀಲಿಕೈ ಇದ್ದಾಕಿ ಬಾಗಲಾ ಯಾಕ ಎತ್ತತಾಳ?" ಎಂದ ಶ್ರೀಶೈಲ. ಹೊರಗೆ ಕಂಬಕ್ಕೆ ಆತು ನಿಂತಿದ್ದ ರೇಣುಕಾಳಿಗೆ ಇದು ಕೇಳಿಸಿತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಒಳಗೆ ಮೂರು ಮಣ್ಣಿನ ಗಡಿಗೆಗಳು ಇದ್ದವು. ಎರಡು ನೆಟ್ಟಗಿದ್ದವು, ಮೂರನೆಯದು ಒಡೆದು ಚೂರಾಗಿತ್ತು. ಆ ಕಡೆ ಸಾಲಾಗಿ ಮೂವತ್ತು ಚೀಲ. ಎಲ್ಲದರ ಹೊಲಿಗೆಯನ್ನೂ ಕೊಯ್ದು, ಒಳಗೆ ಡೀಸೆಲ್ ಸುರಿದು, ಆಮೇಲೆ ಪ್ರತಿಯೊಂದರ ಬಾಯಿಯನ್ನೂ ಸುತಳಿಯಿಂದ ಮತ್ತೆ ಬಿಗಿಯಾಗಿ ಕಟ್ಟಲಾಗಿತ್ತು.

ಪರಸಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಇಂಥಾ ಶಿಸ್ತಿನ ಕಿಡಿಗೇಡಿನ್ನ ನಾ ನೋಡಿದ್ದಿಲ್ರಿ ಸಾಹೇಬ್ರ. ಹಾಳ ಮಾಡಿ ಕಟ್ಟಿ ಇಟ್ಟಾನ."

ಶ್ರೀಶೈಲ ಬಗ್ಗಿ ಗಂಟು ನೋಡಿದ. ಎರಡು ಸುತ್ತು, ಒಳಗಿನಿಂದ ಒಂದು ಕುಣಿಕೆ, ಮೇಲೊಂದು ಎಳೆತ. ಹೆಣ್ಣುಮಕ್ಕಳು ಚೀಲದ ಬಾಯಿಯನ್ನು ದಬ್ಬಣದಿಂದ ಹೊಲಿಯುತ್ತಿದ್ದರು, ಕಟ್ಟುತ್ತಿರಲಿಲ್ಲ. ಗಂಟು ಬಿಚ್ಚದೆ ಐದು ಚೀಲಗಳ ಬಾಯಿಯನ್ನು ಕೊಯ್ದು, ಪಂಚರ ಸಮಕ್ಷಮ ಜಪ್ತಿ ಮಾಡಿದ.

"ಈ ಗಡಗಿ ಯಾಕದಾವು?"

ಕಾರಣ ಹೇಳಲು ಅನೀಲಕುಮಾರ ಎಂಬ ತರುಣ ಮುಂದೆ ಬಂದ. ವಿಜಯಪುರದವನು, ಇಸ್ತ್ರಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಪುಣೆಯ ಕಂಪನಿಗೆ ಒಂದು ಷರತ್ತಿತ್ತು. ಶೆಡ್ಡಿನಲ್ಲಿ ದುಡಿಯುವವರಿಗೆ ತಮ್ಮ ಕೆಲಸದ ಬಗ್ಗೆ ಎಷ್ಟು ಸಮಾಧಾನವಿದೆ ಎಂದು ಅಳೆದು ತೋರಿಸಬೇಕು, ಆಮೇಲೇ ಕರಾರು. ಅಳೆಯುವ ಕೆಲಸ ಇವನದು.

"ಮೊದಲ ಹಾಳಿ ಕೊಟ್ಟಿದ್ನಿ ಸರ್. ಎಲ್ಲಾರೂ ರೇಣುಕಾ ಅವರ ಮಾರಿ ನೋಡಿ, 'ಎಲ್ಲಿ ಗೀಟ ಹೊಡೀಬೇಕವ್ವಾ' ಅಂತ ಕೇಳಾಕತ್ರು. ಅದು ಸಮೀಕ್ಷೆ ಆಗಂಗಿಲ್ಲಲ್ಲ. ಅದಕ್ಕ ಸೀರಿ ಪರದೆ ಕಟ್ಟಿ, ಹಿಂದ ಗಡಗಿ ಇಟ್ವಿ. ಒಬ್ಬೊಬ್ಬರ ಒಳಗ ಹೋಗೂದು. ಒಪ್ಪಿಗಿ ಇದ್ರ ಹಣ್ಣು, ಇಲ್ಲಂದ್ರ ಕಾಯಿ ಹಾಕೂದು."

"ಮೂರು ಗಡಗಿಗೆ ಮೂರು ಪ್ರಶ್ನೆ?"

"ಹೌದ್ರಿ. ಪಗಾರದ ಬಗ್ಗೆ ಒಂದು. ಸೂಪರ್‌ವೈಸರ್ ಬಗ್ಗೆ ಒಂದು." ಅನೀಲಕುಮಾರ ಕೊರಳಿನ ಪಟ್ಟಿ ಸಡಿಲಿಸಿಕೊಂಡ. "ಮೂರನೇದು ನಾನ ಸೇರಿಸಿದ್ದು. ನಿಮ್ಮ ಮನಸ್ಸಿಗೆ ಎಲ್ಲಿ ಹೆಚ್ಚು ಸಮಾಧಾನ, ಶೆಡ್ಡಿನ್ಯಾಗೋ ಮನ್ಯಾಗೋ? ಶೆಡ್ಡಾದ್ರ ಹಣ್ಣು, ಮನಿಯಾದ್ರ ಕಾಯಿ."

ಪರಸಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಲಗ್ನ ಆಗೈತೇನ್ರಿ ನಿಮ್ಮದು?"

"ಇನ್ನೂ ಇಲ್ರಿ."

"ಅದಕ್ಕ ಮತ್ತ."

ಫಲಿತಾಂಶವನ್ನು ಆ ಪುಣ್ಯಾತ್ಮ ಶನಿವಾರ ಸಂಜೆ ಮೈಕಿನಲ್ಲಿ ಓದಿದ್ದ. ಪೇಢಾ ಹಂಚುತ್ತಾರೆಂದು ಗಂಡಂದಿರೂ ಬಂದು ನಿಂತಿದ್ದರು. ಮೂರನೆಯ ಗಡಿಗೆಯಲ್ಲಿ ಮೂವತ್ತಾರು ಹಣ್ಣು, ಎರಡೇ ಎರಡು ಕಾಯಿ. ಹೆಣ್ಣುಮಕ್ಕಳು ಮೊದಲು ಬಾಯಿ ಮೇಲೆ ಕೈಯಿಟ್ಟುಕೊಂಡರು, ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗಂಡಂದಿರ ಬಾಯಲ್ಲಿ ಪೇಢಾ ಸಿಹಿ ಹತ್ತಲಿಲ್ಲ. ರವಿವಾರವಿಡೀ ಸಿಕಂದರನ ಚಹಾದಂಗಡಿಯಲ್ಲಿ ಇದೇ ಮಾತು. ಯಾರು ಚಹಾ ಕೇಳಿದರೂ, "ಲಿಂಬಿಹಣ್ಣು ಹಿಂಡಲೇನ್ರಿ?" ಎಂದು ಪಕ್ಕದವರು ಚೇಷ್ಟೆ ಮಾಡುತ್ತಿದ್ದರು.

ಒಡೆದದ್ದು ಮೂರನೆಯ ಗಡಿಗೆ ಮಾತ್ರ. ಪಗಾರದ ಗಡಿಗೆ ಹಾಗೇ ಇತ್ತು, ರೇಣುಕಾಳ ಗಡಿಗೆಯೂ ಹಾಗೇ ಇತ್ತು. ಶ್ರೀಶೈಲನಿಗೆ ಕೇಸು ಅಲ್ಲೇ ಅರ್ಧ ತಿಳಿಯಿತು. ತಿಳಿದದ್ದಕ್ಕೆ ಖುಷಿಯಾಗಬೇಕಾಗಿತ್ತು, ಆಗಲಿಲ್ಲ. ವಿದ್ಯಾವತಿಯನ್ನು ಆ ಪರದೆಯ ಹಿಂದೆ ಕಳಿಸಿದ್ದರೆ ಏನು ಹಾಕುತ್ತಿದ್ದಳು ಎಂಬ ಯೋಚನೆ ಬಂದು ಮೈ ಉರಿಯಿತು.

ಸೋಮವಾರ ಮಧ್ಯಾಹ್ನದಿಂದ ಮಂಗಳವಾರ ಸಂಜೆಯವರೆಗೆ ಗಂಡಂದಿರ ವಿಚಾರಣೆ ನಡೆಯಿತು. ಅಂಥ ವಿಚಾರಣೆ ಆ ಠಾಣೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ರವಿವಾರ ಎಲ್ಲಿದ್ದೆ ಎಂದು ಕೇಳಿದರೆ ಒಬ್ಬೊಬ್ಬರೂ ಮೊದಲು ತಮ್ಮ ಮರ್ಯಾದೆಯ ಮಾತೇ ಎತ್ತುತ್ತಿದ್ದರು.

"ಆ ಎರಡು ಕಾಯಿಯೊಳಗ ಒಂದು ನಮ್ಮಾಕಿದ ಐತ್ರಿ" ಎಂದ ಹೊರ್ತಿಯ ಗೌಂಡಿ.

"ಅಕಿ ಹೇಳ್ಯಾಳೇನು?"

"ಹೇಳೂದ್ಯಾಕ್ರಿ? ನನಗ ಗೊತ್ತಿಲ್ಲೇನು?"

ಅವನ ಹಿಂದೆ ಬಂದವನೂ ಅದನ್ನೇ ಹೇಳಿದ. ಅವನ ಹಿಂದಿನವನೂ ಹೇಳಿದ. ಸಂಜೆಯ ಹೊತ್ತಿಗೆ ಎರಡು ಕಾಯಿಗೆ ಹತ್ತಾರು ಮಂದಿ ವಾರಸುದಾರರಾಗಿದ್ದರು. ಪರಸಪ್ಪ ನಗು ತಡೆಯಲಾರದೆ ನೀರು ಕುಡಿಯುವ ನೆವ ಮಾಡಿ ಹೊರಗೆ ಹೋಗಿ ಬರುತ್ತಿದ್ದ. ಮರುದಿನ ಶೇವಂತೆವ್ವ ಎಂಬ ಮುದುಕಿ ತಾನಾಗಿಯೇ ಠಾಣೆಗೆ ಬಂದು, ಒಂದು ಕಾಯಿ ತನ್ನದೆಂದು ಒಪ್ಪಿಕೊಂಡಳು.

"ನಿನಗ ಮನ್ಯಾಗ ಸಮಾಧಾನ ಐತೇನವಾ?"

"ಯಾಕಿರಬಾರದೋ ಎಪ್ಪಾ? ನನ್ನ ಗಂಡ ಸತ್ತು ಹತ್ತು ವರ್ಸ ಆತು. ಮನ್ಯಾಗ ಗಂಡಸು ಅಂದ್ರ ಒಂದು ಬೆಕ್ಕು ಐತಿ, ಅದೂ ಹಗಲೆಲ್ಲಾ ಮಲಗಿರತೈತಿ."

ಹಾಗೆ ವಾರಸುದಾರರಿಗೆ ಉಳಿದದ್ದು ಒಂದೇ ಕಾಯಿ. ಸಾಲಿನ ಕೊನೆಯಲ್ಲಿ ಬಂದವನು ಕಾಂತು. ಶೆಡ್ಡಿನ ಟೆಂಪೋ ಓಡಿಸುವವನು, ಹಣ್ಣನ್ನು ಇಂಡಿಯಿಂದ ಸಿಂದಗಿಗೂ ಬಸವನ ಬಾಗೇವಾಡಿಗೂ ಸಾಗಿಸುವವನು. ಹೆಂಡತಿ ಸುವರ್ಣಾ ಅದೇ ಶೆಡ್ಡಿನಲ್ಲಿ ಹಣ್ಣು ಆರಿಸುತ್ತಿದ್ದಳು. ನಲವತ್ತರ ಗಟ್ಟಿ ಆಳು, ಮಾತು ಕಡಿಮೆ.

"ರವಿವಾರ ಎಲ್ಲಿದ್ದಿ?"

"ಮನ್ಯಾಗ ಇದ್ನಿರಿ."

"ನಿನ್ನ ಹೆಂಡ್ತಿ ಏನು ಹಾಕ್ಯಾಳ? ಕಾಯಿನೋ ಹಣ್ಣೋ?"

ಉಳಿದವರೆಲ್ಲ ಈ ಪ್ರಶ್ನೆಗೆ ಎದೆ ಉಬ್ಬಿಸಿದ್ದರು. ಕಾಂತು ನೆಲ ನೋಡಿದ.

"ಹಣ್ಣ ಹಾಕ್ಯಾಳ್ರಿ. ನನಗ ಖಾತ್ರಿ ಐತಿ."

ಶ್ರೀಶೈಲ ಪೆನ್ನು ಕೆಳಗಿಟ್ಟ. ಎರಡು ದಿನದಲ್ಲಿ ಹಾಗೆ ಹೇಳಿದ ಗಂಡ ಇವನೊಬ್ಬನೇ. ಉಳಿದವರಿಗೆ ಅವಮಾನವಾಗಿತ್ತು. ಇವನಿಗೆ ನೋವಾಗಿತ್ತು. ಅವಮಾನ ಚಹಾದಂಗಡಿಯಲ್ಲಿ ಕೂಗಾಡಿ ಮುಗಿಯುತ್ತದೆ. ನೋವು ಮಾತ್ರ ಮನೆಗೆ ಬಂದು ಮಲಗಲು ಬಿಡುವುದಿಲ್ಲ ಎಂಬುದು ಶ್ರೀಶೈಲನಿಗೆ ಈ ರವಿವಾರದಿಂದ ಚೆನ್ನಾಗಿ ಗೊತ್ತಿತ್ತು. ಆದರೆ ನೋವನ್ನು ಕೋರ್ಟಿನಲ್ಲಿ ಹಾಜರುಪಡಿಸಲು ಬರುವುದಿಲ್ಲ. ಅವನನ್ನು ಕಳಿಸಿಕೊಟ್ಟ.

ಬುಧವಾರ ಮುಂಜಾನೆ ಶೆಡ್ಡಿನ ಅಂಗಳದಲ್ಲಿ ಐದು ಖಾಲಿ ಚೀಲಗಳಿಗೆ ಹೊಟ್ಟು ತುಂಬಿಸಿ ನಿಲ್ಲಿಸಲಾಯಿತು. ಅಲ್ಲಿ ಚೀಲ ಹೊರುವ ಹಮಾಲರು ನಾಲ್ವರು, ಐದನೆಯವನು ಕಾಂತು.

"ಕಟ್ರಿ" ಎಂದ ಶ್ರೀಶೈಲ.

ಹಮಾಲರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಟ್ಟಿ ಕೈ ಕೊಡವಿದರು. ನಾಲ್ವರದೂ ಒಂದೇ ಗಂಟು, ಒಂದು ಸುತ್ತು ಹಾಕಿ ಬಾಯಿ ತಿರುಚಿದ್ದು. ಕಾಂತು ಸುತಳಿ ಹಿಡಿದುಕೊಂಡು ನಿಂತೇ ಇದ್ದ. ಆಮೇಲೆ ಹೇಗೋ ಸುತ್ತಿದ, ಅದು ಜಾರಿತು. ಮತ್ತೆ ಸುತ್ತಿದ, ಅದೂ ಜಾರಿತು. ಗಾಡಿಗೆ ಚೀಲ ಹೇರುತ್ತಲೇ ತಲೆ ನರೆತವನು ಶಾಲೆಯ ಹುಡುಗನ ಹಾಗೆ ತಡವರಿಸುವುದನ್ನು ಹಮಾಲರು ಬಾಯಿ ತೆರೆದು ನೋಡಿದರು.

"ಏನೋ ಕಾಂತ್ಯಾ, ಕೈಗೆ ಏನಾಗೈತಿ?" ಎಂದ ಒಬ್ಬ.

ಶ್ರೀಶೈಲ ಏನೂ ಹೇಳದೆ ರಸ್ತೆಯಲ್ಲಿ ನಿಂತಿದ್ದ ಟೆಂಪೋದ ಹತ್ತಿರ ನಡೆದ. ಹಿಂದೆ ಮಸೂತಿ ಎಂಬ ಊರಿಗೆ ಒಯ್ಯಬೇಕಾಗಿದ್ದ ಕಡಲೆಯ ಚೀಲಗಳಿದ್ದವು. ಅವುಗಳ ಬಾಯಿಗೆ ಎರಡು ಸುತ್ತು, ಒಳಗಿನಿಂದ ಒಂದು ಕುಣಿಕೆ, ಮೇಲೊಂದು ಎಳೆತ. ಜಪ್ತಿ ಮಾಡಿದ ಗಂಟನ್ನು ಪಕ್ಕದಲ್ಲಿ ಹಿಡಿದಾಗ ಪರಸಪ್ಪ ಸುಮ್ಮನೆ ತಲೆಯಾಡಿಸಿದ. ಸೀಟಿನ ಹಿಂದೆ ಖಾಲಿ ಡೀಸೆಲ್ ಕ್ಯಾನ್ ಇತ್ತು, ಅದರ ಪಕ್ಕ ಆ ತಗಡಿನ ಬಾಗಿಲನ್ನು ಒಬ್ಬನೇ ಎತ್ತಲು ಸಾಕಾಗುವ ಜಾಕ್ ಇತ್ತು. ರವಿವಾರ ಮಧ್ಯಾಹ್ನ ಟೆಂಪೋ ಶೆಡ್ಡಿನ ಹಿಂದಕ್ಕೆ ತಿರುಗಿದ್ದನ್ನು ಕಂಡೆ, ದಿನಾ ಬರುವ ಗಾಡಿಯೆಂದು ಸುಮ್ಮನಿದ್ದೆ ಎಂದು ಸಿಕಂದರ ಆಮೇಲೆ ಹೇಳಿಕೆ ಕೊಟ್ಟ.

ಕಾಂತುವನ್ನು ಠಾಣೆಗೆ ತಂದು ಕೂಡಿಸಿದರು. ಅವನು ಗೋಡೆ ನೋಡುತ್ತ ಕೂತ. ಪರಸಪ್ಪ ಎರಡು ಸಲ ಗದರಿಸಿದರೂ ಬಾಯಿ ಬಿಡಲಿಲ್ಲ. ಶ್ರೀಶೈಲ ಪರಸಪ್ಪನನ್ನು ಹೊರಗೆ ಕಳಿಸಿ ಕುರ್ಚಿ ಹತ್ತಿರ ಎಳೆದುಕೊಂಡ.

"ಕಾಂತು, ಹೆಂಡ್ತಿ ನಗತಿರತಾಳ. ಯಾಕಂತ ನಮಗ ಗೊತ್ತಿರಂಗಿಲ್ಲ. ಹೊರಗ ನಿಂತು ಆ ನಗಿ ಕೇಳಾಂವಗ ಹ್ಯಾಂಗ ಆಗತೈತಿ, ಅದು ನನಗ ಗೊತ್ತೈತಿ."

ಕಾಂತು ಮೊದಲ ಸಲ ಮುಖ ಎತ್ತಿ ಅವನನ್ನು ನೋಡಿದ.

"ನಾ ಹಿಂದ ಗಾಡಿ ಹಚ್ಚಿ ಕೂತಿರತೇನ್ರಿ. ತಗಡಿನ ಆಚಿಕಡೆ ಅಕಿ ದನಿ. ಆ ಪರಿ ನಗತಾಳ್ರಿ, ಹೊಟ್ಟಿ ಹಿಡಕೊಂಡು ನಗತಾಳ. ನಾ ಒಳಗ ಹೋದೆ ಅಂದ್ರ ಎಲ್ಲಾರೂ ಗಪ್ಪ. ಅಕಿನೂ ಗಪ್ಪ. ಮನೀಗೆ ಬಂದ ಮ್ಯಾಲೆ ನಾಕು ಮಾತು. ಉಣ್ಣತೀರೇನು, ನೀರು ಬಂದಿತ್ತು, ಕರೆಂಟ್ ಹೋಗಿತ್ತು. ನನ್ನ ಮುಂದ ಅಕಿ ಹಂಗ ನಕ್ಕಿದ್ದು ನನಗ ನೆನಪಿಲ್ರಿ."

"ಅದಕ್ಕ?"

"ಮೈಕಿನ್ಯಾಗ ಹೇಳಿದ್ರಲ್ರಿ, ಮೂವತ್ತಾರು ಅಂತ. ಅದರಾಗ ಅಕಿದು ಐತಿ ಅಂತ ಅನಸ್ತು. ಯಾವ ಹಣ್ಣ ನೋಡಿದ್ರೂ ಅಕಿದ ಅನಸಾಕತ್ತು. ಯಾರಿಗೂ ಕೆಟ್ಟದ್ದು ಮಾಡಬೇಕಂತ ಹೋಗಲಿಲ್ರಿ. ಆ ಗಡಗಿ ಒಡೀಬೇಕಂತ ಹೋದ್ನಿ. ಒಡದ ಮ್ಯಾಲೂ ಸಿಟ್ಟು ಇಳೀಲಿಲ್ಲ. ಆ ಶೆಡ್ಡ ಇರಬಾರದು ಅನಸ್ತು. ಕರಾರು ಮುರದ್ರ ಅಕಿ ಮನ್ಯಾಗ ಇರತಾಳ ಅನಸ್ತು."

"ಚೀಲದ ಬಾಯಿ ಯಾಕ ಕಟ್ಟಿದಿ?"

ಈ ಪ್ರಶ್ನೆ ಅವನಿಗೆ ವಿಚಿತ್ರವಾಗಿ ಕೇಳಿಸಿರಬೇಕು. "ಹಂಗ ಬಿಟ್ಟು ಬರಾಕ ಆಗತೈತೇನ್ರಿ? ಹಣ್ಣ ಚೆಲ್ಲತಾವಲ್ಲ" ಎಂದ.

ಮಧ್ಯಾಹ್ನ ಮೂರು ಗಂಟೆಗೆ ದಸ್ತಗಿರಿ ದಾಖಲಾಯಿತು. ಬಸಂತರಾಯರಿಗೆ ಫೋನು ಹೋಯಿತು. ಹಣ್ಣು ಆರಿಸುವವರ ಕೈ ಇದರಲ್ಲಿಲ್ಲ ಎಂದು ಕೇಳಿದ ಮೇಲೆ ಅವರು, "ನಾಳೆ ಪುಣೆದವರು ಬರ್ಲಿ ಹಂಗಾದ್ರ. ರೇಣುಕಾಗ ಬಾಗಲಾ ತಗೀ ಅಂತ ಹೇಳ್ತೇನಿ" ಎಂದರು. ರೇಣುಕಾಳ ಕ್ಷಮೆ ಕೇಳುವ ಮಾತು ಅವರ ಬಾಯಿಂದ ಬರಲಿಲ್ಲ. ಅದನ್ನು ಶ್ರೀಶೈಲ ಗಟ್ಟಿಯಾಗಿಯೇ ನೆನಪು ಮಾಡಿಕೊಟ್ಟ.

ದಸ್ತಗಿರಿಯ ವಿಷಯವನ್ನು ಆರೋಪಿಯ ಸಂಬಂಧಿಕರಿಗೆ ತಿಳಿಸಿ ಸಹಿ ಪಡೆಯಬೇಕು. ಆ ಕಾಗದ ಹಿಡಿದುಕೊಂಡು ಶ್ರೀಶೈಲ ತಾನೇ ಶೆಡ್ಡಿಗೆ ಹೋದ. ಸುವರ್ಣಾ ಬೇವಿನ ಗಿಡದ ಕೆಳಗೆ ಒಬ್ಬಳೇ ಕೂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದು ಮುಟ್ಟಿತ್ತು. ಉಳಿದವರು ಸ್ವಲ್ಪ ದೂರ ಸರಿದು ನಿಂತಿದ್ದರು. ಕಾಗದದಲ್ಲಿ ಇದ್ದದ್ದನ್ನು ಅವನು ಓದಿ ಹೇಳಿದ. ಗಂಡ ಯಾಕೆ ಹಾಗೆ ಮಾಡಿದನೆಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದ.

ಅವಳು ಸಹಿ ಮಾಡಿ ಪೆನ್ನು ಹಿಂದಕ್ಕೆ ಕೊಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು.

"ಎರಡು ಕಾಯಿ ಬಿದ್ದಿದ್ವು ಅಲ್ರಿ. ಒಂದು ಶೇವಂತೆವ್ವನದು. ಇನ್ನೊಂದು ನಂದು."

ಶ್ರೀಶೈಲ ಪೆನ್ನು ಜೇಬಿಗಿಟ್ಟು ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

"ಪರದೆ ಹಿಂದ ಹೋದಾಗ ಕೈಯಾಗ ಹಣ್ಣ ಹಿಡದಿದ್ನಿರಿ. ಶೆಡ್ಡಿನ್ಯಾಗ ಗೆಳತ್ಯಾರು ಅದಾರ, ನಗಸ್ತಾರ, ಸುಳ್ಳು ಯಾಕ ಹೇಳ್ಲಿ. ಆದ್ರ ಹೋದ ಮಳಿಗಾಲದಾಗ ಇವರ ಗಾಡ್ಯಾಗ ಬರೂವಾಗ ನಡು ದಾರ್ಯಾಗ ಮಳಿ ಹತ್ತಿತ್ತು. ಗಾಡಿ ಗ್ಲಾಸ್ ಒಡದಿತ್ತು. ಇದ್ದೊಂದು ತಾಡಪತ್ರಿ ನನಗ ಹೊಚ್ಚಿ, ತಾವು ತೊಯ್ಸಿಕೋತ ಗಾಡಿ ಹೊಡದ್ರು. ಒಂದು ಮಾತು ಆಡಲಿಲ್ಲ, ಹಂಗ ಹೊಡದ್ರು. ಅದು ನೆನಪಾತು. ಹಣ್ಣ ಇಟ್ಟು ಕಾಯಿ ತಗೊಂಡ್ನಿ."

"ಅವಗ ಹೇಳಬೇಕಾಗಿತ್ತಲ್ಲವಾ."

"ಅವರು ಕೇಳಬೇಕಾಗಿತ್ತಲ್ರಿ." ಅವಳ ದನಿ ಗಡುಸಾಯಿತು. "ಶನಿವಾರ ಮನೀಗೆ ಬಂದು ಗ್ವಾಡಿಗೆ ಮಾರಿ ಮಾಡಿ ಮಲಕ್ಕೊಂಡ್ರು. ಹೋಗ್ರಿ, ಈಗ ನೀವ ಹೇಳ್ರಿ ಅವರಿಗೆ. ನಾ ಬಂದು ಹೇಳಂಗಿಲ್ಲ. ಇದನ್ನೂ ಹೇಳ್ರಿ: ಇವತ್ತು ಗಡಗಿ ಇಟ್ರ ನಾ ಹಣ್ಣ ಹಾಕ್ತೇನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಶೆಡ್ಡಿನೊಳಗೆ ಹೋದಳು. ನಾಳೆಗೆ ಹೊಸ ಹಣ್ಣು ಆರಿಸಬೇಕಾಗಿತ್ತು. ರೇಣುಕಾ ತನ್ನ ಪಕ್ಕದಲ್ಲಿ ಅವಳಿಗೆ ಜಾಗ ಮಾಡಿಕೊಟ್ಟಳು.

ಸಂಜೆ ಐದಕ್ಕೆ ಕಾಂತುವನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಹೊರಟಿತು. ಹೇಳಬೇಕೋ ಬೇಡವೋ ಎಂದು ಶ್ರೀಶೈಲ ಅರ್ಧ ದಾರಿ ಯೋಚಿಸಿದ. ಕೊನೆಗೆ ಹಿಂದಕ್ಕೆ ತಿರುಗದೆಯೇ, ಸುವರ್ಣಾ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಹೇಳಿದ. ಕಾಯಿಯ ಮಾತು, ಮಳೆಯ ಮಾತು, ಕೊನೆಯ ಮಾತು ಎಲ್ಲವನ್ನೂ ಹೇಳಿದ.

ಕೋರ್ಟಿನ ಗೇಟು ಕಾಣುವಾಗ ಕಾಂತು ಬಾಯಿ ಬಿಟ್ಟ.

"ಹೇಳೂವಾಗ ನಕ್ಕಳೇನ್ರಿ ಅಕಿ?"

"ಇಲ್ಲ" ಎಂದ ಶ್ರೀಶೈಲ.

ಕಾಂತು ತಲೆ ತಗ್ಗಿಸಿದ. ಬೇಡಿ ಹಾಕಿದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಅವನನ್ನು ಒಪ್ಪಿಸಿ ಹೊರಗೆ ಬಂದು ಶ್ರೀಶೈಲ ಮುದ್ದೇಬಿಹಾಳಕ್ಕೆ ಫೋನು ಹಚ್ಚಿದ. ವಿದ್ಯಾವತಿ ಎತ್ತಿದಳು, ಹಿಂದೆ ಯಾರೋ ಜೋರಾಗಿ ಮಾತಾಡುತ್ತಿದ್ದರು.

"ರವಿವಾರ ಅಷ್ಟು ನಕ್ಕಿದ್ದಿ ಅಲ್ಲಾ" ಎಂದ ಅವನು, "ಏನಂತ ಹೇಳು. ತಿಳೀಲಿಲ್ಲಂದ್ರ ಎರಡು ಸಲ ಹೇಳು."